ಕುಲುಮೆಯ ಲೆಕ್ಕ

ಬೊಮ್ಮಸಂದ್ರ ಎಂದರೆ ಹೊರಗಿನವರಿಗೆ ನೆನಪಾಗುವುದು ಬಯೋಕಾನ್, ನಾರಾಯಣ ಆಸ್ಪತ್ರೆ, 2025ರ ಆಗಸ್ಟಿನಿಂದ ಈಚೆಗೆ ಮೆಟ್ರೊ ಹಳದಿ ಮಾರ್ಗದ ಕೊನೆಯ ನಿಲ್ದಾಣ. ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗಿ, ಆನೇಕಲ್ ತಾಲ್ಲೂಕಿನ ಹೊಲಗಳಿದ್ದ ನೆಲದಲ್ಲಿ ಕೆಐಎಡಿಬಿ ಬಿಡಿಸಿದ ನಿವೇಶನಗಳ ನಡುವೆ ಹೋದರೆ ಬೇರೆ ಬಗೆಯ ಬೋರ್ಡುಗಳು ಕಾಣುತ್ತವೆ: ಟೂಲ್ ರೂಮ್, ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್. ಈ ಕೊನೆಯ ಬೋರ್ಡಿನ ಶೆಡ್ಡುಗಳಿಗೆ ಜಾಬ್ ವರ್ಕ್‌ಗೆಂದು ಬರುವ ಗೇರು, ಡೈ, ಶಾಫ್ಟುಗಳ ಜೊತೆ ಒಂದು ಜಾಬ್ ಕಾರ್ಡ್ ಇರುತ್ತದೆ. ಅದರಲ್ಲಿ ಉಕ್ಕಿನ ಗ್ರೇಡಿಗೆ ಒಂದು ಸಾಲು ಸಾಕು. ಉಳಿದದ್ದೆಲ್ಲ ಶಾಖದ ವಿವರ: ಎಷ್ಟು ಡಿಗ್ರಿ, ಎಷ್ಟು ಹೊತ್ತು, ಕುಲುಮೆಯೊಳಗೆ ಯಾವ ಅನಿಲ, ತಣಿಸಿದ್ದು ಎಣ್ಣೆಯಲ್ಲೋ ನೀರಿನಲ್ಲೋ. ಒಂದೇ ಗ್ರೇಡಿನ ಎರಡು ತುಂಡುಗಳು ಬೇರೆ ಬೇರೆ ಬೆಂಕಿ ಕಂಡರೆ ಬೇರೆ ಬೇರೆ ವಸ್ತುಗಳೇ ಆಗುತ್ತವೆ ಎಂಬುದನ್ನು ಆ ಶೆಡ್ಡಿನ ಕೆಲಸಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೈಗಾರಿಕೆಯ ಚರಿತ್ರೆ ಬರೆಯುವಾಗ ನಾವು ಇದನ್ನು ಮರೆಯುತ್ತೇವೆ. ಯಾರು ಸ್ಥಾಪಿಸಿದರು, ಏನು ತಯಾರಿಸಿದರು, ಎಷ್ಟು ಬಂಡವಾಳ ಎಂದು ಬರೆದು ಮುಗಿಸುತ್ತೇವೆ. ಹೀಗೆ ಬಿಟ್ಟುಹೋದದ್ದು ಎಷ್ಟು ದೊಡ್ಡದೆಂದು ತೋರಿಸಲು ನಿಕ್ಕಲ್ ಮತ್ತು ಅಲ್ಯುಮಿನಾ ಸೇರಿಸಿ ಮಾಡುವ ಕ್ಯಾಟಲಿಸ್ಟಿಗಿಂತ, ಅಂದರೆ ವೇಗವರ್ಧಕಕ್ಕಿಂತ, ಒಳ್ಳೆಯ ಉದಾಹರಣೆ ಸಿಗಲಾರದು. ಅದರ ಚರಿತ್ರೆಯಲ್ಲಿ ಬೆಂಗಳೂರಿಗೆ ನೂರು ವರ್ಷದ ಪಾಲಿದೆ, ಮತ್ತು ಆ ಪಾಲು ಲೋಹದ್ದಲ್ಲ, ಬೆಂಕಿಯದು.

ವೇಗವರ್ಧಕ ಕಣ್ಣಿಗೆ ಬೀಳದ ವಸ್ತು. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ ತಾನು ಖರ್ಚಾಗದೆ ಉಳಿಯುವುದರಿಂದ ಸಿದ್ಧವಾದ ಸರಕಿನಲ್ಲಿ ಅದರ ಗುರುತೇ ಇರುವುದಿಲ್ಲ. ಆದರೂ ಹೊಲಕ್ಕೆ ಹಾಕುವ ಯೂರಿಯಾ, ಬೇಕರಿಗೆ ಹೋಗುವ ವನಸ್ಪತಿ, ಅನೇಕ ಔಷಧಗಳ ತಯಾರಿಕೆಯ ಯಾವುದೋ ಒಂದು ಹಂತ, ಎಲ್ಲದರ ಹಿಂದೆಯೂ ನಿಕ್ಕಲ್ ನಿಂತಿದೆ. ಬೆಳ್ಳಿ, ಪ್ಲಾಟಿನಂಗೆ ಹೋಲಿಸಿದರೆ ಅಗ್ಗದ ಲೋಹ. ಅದನ್ನು ತುಂಬ ಸಣ್ಣ ಕಣಗಳಾಗಿ ಹರಡಿದರೆ ಹೈಡ್ರೋಜನ್ ಅಣುವನ್ನು ಮೇಲ್ಮೈ ಮೇಲೆ ಸೀಳಿ ಹಿಡಿದುಕೊಳ್ಳುತ್ತದೆ. ಬರೀ ನಿಕ್ಕಲ್ ಪುಡಿಯನ್ನು ಬಿಸಿಯಲ್ಲಿ ದುಡಿಸಿದರೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಿ ಕೆಲಸ ಕೆಡುತ್ತದೆ. ಅವನ್ನು ದೂರ ದೂರ ಕೂರಿಸಲು ಒಂದು ಆಸರೆ ಬೇಕು. ಅಲ್ಯುಮಿನಿಯಂನ ಆಕ್ಸೈಡಾದ ಅಲ್ಯುಮಿನಾ ಆ ಆಸರೆ. ಹೇಳುವುದಕ್ಕೆ ಇಷ್ಟೇ: ಎರಡು ಪದಾರ್ಥ, ಒಂದು ಅನುಪಾತ. ಅನುಪಾತ ತಿಳಿದರೆ ಎಲ್ಲ ತಿಳಿದಂತೆ ಎಂದು ಅನ್ನಿಸುವುದು ಸಹಜ.

ಹಾಗೆ ಅನ್ನಿಸಿ ದಾರಿ ತಪ್ಪಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬರು, ಅದೂ ನಮ್ಮ ದಕ್ಷಿಣದ ಮೂಸೆಯುಕ್ಕಿನ ವಿಷಯದಲ್ಲಿ. ಮೈಸೂರು ಸೀಮೆಯಲ್ಲಿ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು 1800ರಲ್ಲಿ ಇಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದರು. ಆ ಜಾತಿಯ ಉಕ್ಕಿಗೆ ಯೂರೋಪಿನಲ್ಲಿ ಭಾರಿ ಹೆಸರಿತ್ತು. 1819ರಲ್ಲಿ ಅದನ್ನು ವಿಶ್ಲೇಷಿಸಿದ ಫ್ಯಾರಡೆಗೆ ಒಳಗೆ ಸಿಲಿಕ ಮತ್ತು ಅಲ್ಯುಮಿನಾದ ಅಲ್ಪ ಅಂಶ ಕಂಡಿತು. ಗುಣದ ಗುಟ್ಟು ಇದೇ ಇರಬೇಕೆಂದು ಊಹಿಸಿದರು. ಮುಂದಿನ ವರ್ಷ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್ ಬೆರೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಆ ಪ್ರಯೋಗಗಳು ಮಿಶ್ರಲೋಹ ವಿಜ್ಞಾನಕ್ಕೆ ನಾಂದಿ ಹಾಡಿದವು, ಅದು ಬೇರೆ ಮಾತು. ಅಲ್ಯುಮಿನಾದ ಊಹೆ ಮಾತ್ರ ನಿಲ್ಲಲಿಲ್ಲ. ಆ ಉಕ್ಕಿನ ಶಕ್ತಿ ಅದರ ಹೆಚ್ಚಿನ ಇಂಗಾಲದಲ್ಲಿತ್ತು, ಮೂಸೆ ನಿಧಾನವಾಗಿ ತಣಿಯುವುದರಲ್ಲಿತ್ತು, ಮತ್ತೆ ಮತ್ತೆ ಹದವಾಗಿ ಕಾಯಿಸಿ ಬಡಿಯುವುದರಲ್ಲಿತ್ತು. ಸಿದ್ಧವಸ್ತುವನ್ನು ಕರಗಿಸಿ ಅಂಶಗಳನ್ನು ಎಣಿಸಿದವರಿಗೆ, ಎಣಿಸುವ ಮೊದಲ ಹೆಜ್ಜೆಯಲ್ಲೇ ಆ ಬೆಂಕಿಯ ಗುರುತು ಅಳಿಸಿಹೋಗಿರುತ್ತದೆ.

ನಿಕ್ಕಲ್ಲಿನ ವಿಷಯದಲ್ಲಿ ಈ ತಪ್ಪನ್ನು ಆರಂಭದಲ್ಲೇ ತಪ್ಪಿಸಿದವರು ಫ್ರಾನ್ಸಿನ ತುಲೂಸಿನ ಪಾಲ್ ಸಬಾತಿಯೆ. 1897ರಲ್ಲಿ ಸಂಗಡಿಗ ಸೆಂಡರೆನ್ಸ್ ಜೊತೆ ಎಥಿಲೀನನ್ನು ನಿಕ್ಕಲ್ ಮೇಲೆ ಹಾಯಿಸಿ ಹೈಡ್ರೋಜನ್ ಸೇರಿಸಿ ತೋರಿಸಿದ ಅವರು, ನಿಕ್ಕಲ್ ಆಕ್ಸೈಡನ್ನು ಹೈಡ್ರೋಜನ್ನಿನಲ್ಲಿ ಲೋಹಕ್ಕಿಳಿಸುವಾಗ ಶಾಖ ಮಿತಿಯಲ್ಲಿರಬೇಕು, ಕೆಂಪಗೆ ಕಾಯಿಸಿದರೆ ಅದೇ ನಿಕ್ಕಲ್ ಸೋಮಾರಿಯಾಗುತ್ತದೆ ಎಂದು ಒತ್ತಿ ಹೇಳಿದರು. 1902ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಇದೇ ತತ್ವದಿಂದ ಎಣ್ಣೆಯನ್ನು ಗಟ್ಟಿ ಕೊಬ್ಬಾಗಿಸುವ ಪೇಟೆಂಟ್ ಪಡೆದರು. ಶೇಂಗಾ, ಎಳ್ಳು, ಹರಳು, ಹತ್ತಿಬೀಜ ಬೆಳೆಯುವ ನಾಡಿಗೆ ಇದು ಸಣ್ಣ ಸುದ್ದಿಯಲ್ಲ. 1911ರಲ್ಲಿ ಪಾಠ ಆರಂಭಿಸಿದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ತನ್ನ ಮೊದಲ ದಶಕಗಳಲ್ಲಿ ಎಣ್ಣೆಗಳ ಸಂಸ್ಥೆಯೇ ಆಗಿತ್ತು ಎನ್ನಬಹುದು. ಶ್ರೀಗಂಧದ ಎಣ್ಣೆ ತೆಗೆಯುವ ಕ್ರಮವನ್ನು ರೂಪಿಸಿದ ಸಡ್‌ಬರೊ ಮತ್ತು ವಾಟ್ಸನ್ ಅವರೇ 1920ರ ದಶಕದ ಆರಂಭದಲ್ಲಿ ಭಾರತದ ಎಣ್ಣೆಗಳಿಗೆ ಹೈಡ್ರೋಜನ್ ಸೇರಿಸುವ ಅಧ್ಯಯನವನ್ನೂ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಹೀಗೆ ಗಟ್ಟಿಯಾಗಿಸಿದ ಎಣ್ಣೆಯಾದ ವನಸ್ಪತಿ, ಡಾಲ್ಡಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಮೈಸೂರು ಸ್ಯಾಂಡಲ್ ಸೋಪಿನ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಬೇಕಾದದ್ದೇ. ಅದೇ ಪ್ರಯೋಗಶಾಲೆಗಳಲ್ಲಿ ನಡೆದ ನಿಕ್ಕಲ್ ಕೆಲಸಕ್ಕೆ ಆ ಅಭಿಮಾನ ದಕ್ಕಲಿಲ್ಲ, ಅದು ಯಾವ ಡಬ್ಬಿಯ ಮೇಲೂ ಅಚ್ಚಾಗಲಿಲ್ಲವಲ್ಲ. 1939ರಿಂದ 1948ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷ್ ಯುದ್ಧಕಾಲದ ಇಂಧನದ ಅಭಾವದ ನಡುವೆ ಅನಿಲದಿಂದ ಪೆಟ್ರೋಲ್ ಮಾಡುವ ವೇಗವರ್ಧಕಗಳ ಕಡೆಗೆ ಸಂಶೋಧನೆಯನ್ನು ತಿರುಗಿಸಿದರು. ಎಂ.ವಿ.ಸಿ. ಶಾಸ್ತ್ರಿಯವರಂಥ ವೇಗವರ್ಧಕ ತಜ್ಞರು ಅಲ್ಲಿ ಪಳಗಿದರು.

ತಯಾರಿಕೆಯ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ವಾದದ ಬೇರು ಅಲ್ಲೇ ಇದೆ. ಸರಳವಾದ ದಾರಿಯಲ್ಲಿ ಅಲ್ಯುಮಿನಾದ ಗುಳಿಗೆಗಳನ್ನು ನಿಕ್ಕಲ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಗಾಳಿಯಲ್ಲಿ ಸುಟ್ಟು, ಕೊನೆಗೆ ಹೈಡ್ರೋಜನ್ನಿನಲ್ಲಿ ಲೋಹಕ್ಕಿಳಿಸುತ್ತಾರೆ. ಒಣಗಿಸುವುದೆಂದರೆ ನೀರು ಹೋಗಲಿಕ್ಕೆ ಕಾಯುವುದಷ್ಟೇ ಎಂದು ತೋರಬಹುದು. ಆದರೆ ನೀರು ಆರುವ ವೇಗದ ಮೇಲೆ ದ್ರಾವಣ ರಂಧ್ರಗಳಲ್ಲಿ ಹೊರಮೈಗೆ ಸರಿಯುವುದೋ ಒಳಗೇ ಉಳಿಯುವುದೋ ನಿಂತಿದೆ. ಗುಳಿಗೆಯ ಸಿಪ್ಪೆಯಲ್ಲೇ ನಿಕ್ಕಲ್ ತುಂಬಿಕೊಂಡದ್ದು, ಉದ್ದಕ್ಕೂ ಸಮನಾಗಿ ಹರಡಿದ್ದು, ಎರಡೂ ವಿಶ್ಲೇಷಣೆಯಲ್ಲಿ ಒಂದೇ ಶೇಕಡಾ ತೋರಿಸುತ್ತವೆ. ಇನ್ನೊಂದು ದಾರಿಯಲ್ಲಿ ನಿಕ್ಕಲ್, ಅಲ್ಯುಮಿನಿಯಂ ಎರಡರ ಲವಣಗಳನ್ನೂ ಒಂದೇ ದ್ರಾವಣದಲ್ಲಿ ಕರಗಿಸಿ, ಸೋಡಾ ಹಾಕಿ ಒಟ್ಟಿಗೇ ಒತ್ತರವಾಗಿ ಇಳಿಸುತ್ತಾರೆ. ಕ್ಷಾರದ ಮಟ್ಟ ಹದವಾಗಿದ್ದರೆ ಎರಡು ಲೋಹಗಳೂ ಒಂದೇ ಪದರದ ಸ್ಫಟಿಕದೊಳಗೆ ಅಣು ಅಣುವಾಗಿ ಬೆರೆತು ಕೂರುತ್ತವೆ. ಅದನ್ನು 300–450 ಡಿಗ್ರಿಯಲ್ಲಿ ಮೆಲ್ಲಗೆ ಸುಟ್ಟರೆ ಅಗಾಧವಾದ ಮೇಲ್ಮೈ ಇರುವ ವಸ್ತು ಸಿಗುತ್ತದೆ. ಹದ ತಪ್ಪಿದರೆ, ಅಥವಾ ತೊಳೆಯುವಾಗ ಸೋಡಿಯಂ ಉಳಿದುಹೋದರೆ, ಅದೇ ಪದಾರ್ಥ ಅರ್ಧ ಕೆಲಸಕ್ಕೂ ಬರುವುದಿಲ್ಲ. ಬ್ರಿಟನ್ನಿನ ಗ್ಯಾಸ್ ಕೌನ್ಸಿಲ್‌ಗಾಗಿ ಎಫ್.ಜೆ. ಡೆಂಟ್ ಅವರ ತಂಡ ಸಾಲಿಹಲ್‌ನಲ್ಲಿ ನಾಫ್ತಾದಿಂದ ಮೀಥೇನ್ ಮಾಡಲು ರೂಪಿಸಿದ ನಿಕ್ಕಲ್-ಅಲ್ಯುಮಿನಾ ಈ ಎರಡನೆಯ ದಾರಿಯದೇ.

ಸುಡುವ ಹಂತದಲ್ಲಂತೂ ಒಂದೊಂದು ನೂರು ಡಿಗ್ರಿಗೂ ಒಂದೊಂದು ವಿಧಿ ಕಾದಿದೆ. ಅಲ್ಯುಮಿನಾ ಎಂಬುದು ಒಂದು ವಸ್ತುವಲ್ಲ, ಬೆಂಕಿ ಬದಲಾಯಿಸುತ್ತ ಹೋಗುವ ರೂಪಗಳ ಸರಣಿ. ಬಾಕ್ಸೈಟಿನಿಂದ ಬರುವ ಹೈಡ್ರೇಟನ್ನು, ನಮ್ಮಲ್ಲಿ ಬೆಳಗಾವಿಯ ಕಾರ್ಖಾನೆ ಮಾಡುವಂಥದ್ದನ್ನು, 500 ಡಿಗ್ರಿಯ ಆಸುಪಾಸು ಸುಟ್ಟರೆ ರಂಧ್ರಗಳೇ ತುಂಬಿದ ಗಾಮಾ ರೂಪ ಬರಬಹುದು. ಅದರ ಒಂದು ಗ್ರಾಮಿನೊಳಗೆ 200 ಚದರ ಮೀಟರಿನಷ್ಟು ಮೇಲ್ಮೈ ಅಡಗಿರುತ್ತದೆ. ಶಾಖ ಏರಿದಂತೆ ಡೆಲ್ಟಾ, ಥೀಟಾ, 1,100 ಡಿಗ್ರಿ ದಾಟಿದ ಮೇಲೆ ಆಲ್ಫಾ. ಆಲ್ಫಾ ಎಂದರೆ ಮಾಣಿಕ್ಯದ ಸ್ಫಟಿಕ ರಚನೆ: ಕಲ್ಲಿನಂತೆ ಗಟ್ಟಿ, ರಂಧ್ರ ಮುಚ್ಚಿದ್ದು, ಮೇಲ್ಮೈ ಕೆಲವೇ ಚದರ ಮೀಟರು. ಈ ಹಾದಿಯಲ್ಲಿ ನಿಕ್ಕಲ್ ಸುಮ್ಮನೆ ಕೂರುವುದಿಲ್ಲ. 400 ಡಿಗ್ರಿಯಲ್ಲಿ ಸುಟ್ಟರೆ ಹಸಿರು ನಿಕ್ಕಲ್ ಆಕ್ಸೈಡಾಗಿ ಆಸರೆಯ ಮೇಲೆ ಇರುತ್ತದೆ, 300–400 ಡಿಗ್ರಿಯ ಹೈಡ್ರೋಜನ್ನಿಗೆ ಒಲಿದು ಲೋಹವಾಗುತ್ತದೆ. 800 ಡಿಗ್ರಿಯಲ್ಲಿ ಸುಟ್ಟರೆ ಅಲ್ಯುಮಿನಾದೊಳಗೇ ನುಗ್ಗಿ ನಿಕ್ಕಲ್ ಅಲ್ಯುಮಿನೇಟ್ ಎಂಬ ನೀಲಿ ಸಂಯುಕ್ತವಾಗಿ ಕೂತುಬಿಡುತ್ತದೆ. ಆಗ ಅದನ್ನು ಹೊರಗೆಳೆಯಲು ಹೈಡ್ರೋಜನ್ನಿನಲ್ಲಿ ಮತ್ತೆ ಸುಮಾರು 800 ಡಿಗ್ರಿಗೆ ಕಾಯಿಸಬೇಕು. ನಿಕ್ಕಲ್ ಪ್ರಮಾಣ ಕಡಿಮೆ ಇದ್ದಾಗಲಂತೂ 500 ಡಿಗ್ರಿಯಲ್ಲೇ ಒಂದಿಷ್ಟು ಪಾಲು ಹೀಗೆ ಮೇಲ್ಪದರದೊಳಗೆ ಸೇರಿ ಕಳೆದುಹೋಗುತ್ತದೆ. ಕುಂಬಾರರು ಆವಿಗೆ ಬಿಚ್ಚಿದಾಗ ಮಡಕೆಯ ಬಣ್ಣ ನೋಡಿ ಬೆಂಕಿ ಎಲ್ಲಿ ಹೆಚ್ಚಿತ್ತು ಎಂದು ಹೇಳುವ ಹಾಗೆ, ಇಲ್ಲಿಯೂ ಹಸಿರು-ನೀಲಿ ಬಣ್ಣವೇ ಮೊದಲ ಸಾಕ್ಷಿ. ತೂಕ ಹಾಕಿದರೆ, ಅಂಶ ಎಣಿಸಿದರೆ, ಎರಡೂ ಒಂದೇ.

ಇದಕ್ಕೆ ರಸಾಯನವಿಜ್ಞಾನಿಗಳು ಎತ್ತಬಹುದಾದ ಆಕ್ಷೇಪ ಗಟ್ಟಿಯಾದದ್ದೇ. ಅಂಶಗಳಿಗೆ ಬೆಲೆಯಿಲ್ಲವೆಂದರೆ ಹೇಗೆ? ಮೂಸೆಯುಕ್ಕಿನ ಅಲೆಅಲೆಯಾದ ವಿನ್ಯಾಸಕ್ಕೆ ಅತ್ಯಲ್ಪ ಪ್ರಮಾಣದ ವನೇಡಿಯಂ ಬೇಕಿತ್ತೆಂದು ಲೋಹವಿಜ್ಞಾನಿ ಜಾನ್ ವೆರ್‌ಹೂವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ತೋರಿಸಿದ್ದಾರೆ. ಫ್ಯಾರಡೆ ಹುಡುಕಿದ ದಿಕ್ಕು ಪೂರ್ತಿ ತಪ್ಪಲ್ಲ. ನಾಫ್ತಾ ಸೀಳುವ ನಿಕ್ಕಲ್ಲಿಗೆ ಪೊಟ್ಯಾಷ್ ಸೇರಿಸದಿದ್ದರೆ ಮಸಿ ಕಟ್ಟಿಕೊಂಡು ನಿಂತುಹೋಗುತ್ತದೆ. ಇವೆಲ್ಲ ನಿಜ, ಒಪ್ಪಬೇಕು. ಆದರೆ ವನೇಡಿಯಂ ಇದ್ದರೆ ಮಾತ್ರ ಸಾಲದು, ಹದವಾದ ಶಾಖದ ಆವರ್ತನೆಗಳು ಬೇಕೇ ಬೇಕು ಎಂಬುದೂ ಅದೇ ಸಂಶೋಧನೆಯ ಫಲ. ಅಂಶಗಳು ಏನೇನು ಆಗಬಹುದು ಎಂಬ ಎಲ್ಲೆಯನ್ನು ಹಾಕುತ್ತವೆ, ಅದರೊಳಗೆ ಏನಾಯಿತು ಎಂಬುದನ್ನು ಶಾಖ ತೀರ್ಮಾನಿಸುತ್ತದೆ. ಅಂಶ ಸದಾ ಬರೆದಿಡಲ್ಪಟ್ಟಿದೆ, ಶಾಖ ಬರೆದಿಡಲ್ಪಟ್ಟಿಲ್ಲ. ನನ್ನ ದೂರು ಇರುವುದು ಈ ಅಸಮತೆಯ ಬಗ್ಗೆ.

ಅಂಶವನ್ನು ಕಟ್ಟಿಹಾಕಿ ಶಾಖ, ಹದಗಳನ್ನಷ್ಟೇ ಬದಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯೇ ಒಂದು ಪ್ರಯೋಗ ನಡೆಸಿಕೊಟ್ಟಿದೆ. ಅಮೆರಿಕದ ಮರ್ರೆ ರೇನಿ 1927ರಲ್ಲಿ ಪೇಟೆಂಟ್ ಪಡೆದ ನಿಕ್ಕಲ್ ಇಂದಿಗೂ ಔಷಧ ತಯಾರಿಕೆಯಲ್ಲಿ ಬಳಕೆಯಲ್ಲಿದೆ. ನಿಕ್ಕಲ್ ಮತ್ತು ಅಲ್ಯುಮಿನಿಯಂ ಸಮ ತೂಕದಲ್ಲಿ ಕರಗಿಸಿ, ತಣಿದ ಗಟ್ಟಿಯನ್ನು ಪುಡಿಮಾಡಿ, ಕಾಸ್ಟಿಕ್ ಸೋಡಾದಲ್ಲಿ ಅಲ್ಯುಮಿನಿಯಂ ಕರಗಿಸಿ ತೆಗೆದರೆ ಉಳಿಯುವುದು ಸ್ಪಂಜಿನಂಥ ನಿಕ್ಕಲ್. ಒಂದಿಷ್ಟು ಅಲ್ಯುಮಿನಿಯಂ, ಒಂದಿಷ್ಟು ಅಲ್ಯುಮಿನಾ ಅದರಲ್ಲಿ ಉಳಿದೇ ಇರುತ್ತದೆ. ರಸಾಯನವಿಜ್ಞಾನಿ ಹೋಮರ್ ಆಡ್ಕಿನ್ಸ್ ಮತ್ತು ಅವರ ಹಾದಿಯಲ್ಲಿ ನಡೆದವರು ಇದೇ ಮಿಶ್ರಲೋಹದಿಂದ ಡಬ್ಲ್ಯು-1ರಿಂದ ಡಬ್ಲ್ಯು-7ರವರೆಗೆ ಹೆಸರಿಟ್ಟ ಬಗೆಗಳನ್ನು ಮಾಡಿದರು. ಅವುಗಳ ನಡುವಿನ ವ್ಯತ್ಯಾಸ ಸೋಡಾದ ಬಿಸಿ ಎಷ್ಟಿತ್ತು, ಎಷ್ಟು ಹೊತ್ತು ಬಿಟ್ಟರು, ಹೇಗೆ ತೊಳೆದರು ಎಂಬುದಷ್ಟೇ. 1948ರ ಡಬ್ಲ್ಯು-6ನ್ನು ಸುಮಾರು 50 ಡಿಗ್ರಿಯಲ್ಲಿ ಮಾಡುತ್ತಾರೆ. ಹೆಚ್ಚು ಬಿಸಿಯಲ್ಲಿ ಮಾಡುವ ಡಬ್ಲ್ಯು-2ಕ್ಕೆ ಹೋಲಿಸಿದರೆ ಅದು ಎಷ್ಟೋ ಚುರುಕು, ಅಷ್ಟೇ ಅಪಾಯಕಾರಿ ಕೂಡ. ಬೊಮ್ಮಸಂದ್ರ-ಜಿಗಣಿ ಪಟ್ಟಿಯಂಥ ಔಷಧ ವಲಯದ ಕೆಮಿಸ್ಟ್‌ಗೆ ರೇನಿ ನಿಕ್ಕಲ್ ಒಣಗಿದರೆ ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ, ನೀರಿನಡಿಯಲ್ಲೇ ಇಡಬೇಕು ಎಂಬ ಪಾಠ ಮೊದಲ ದಿನವೇ ಸಿಗುತ್ತದೆ.

ಕರ್ನಾಟಕದಲ್ಲಿ ನಿಕ್ಕಲ್ ಬೃಹತ್ ಪ್ರಮಾಣದಲ್ಲಿ ದುಡಿದದ್ದು ಪಣಂಬೂರಿನಲ್ಲಿ. 1976ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ದಶಕಗಳ ಕಾಲ ನಾಫ್ತಾದಿಂದ ಅಮೋನಿಯಾ ಮಾಡಿತು. ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಎರಡು ಕಚ್ಚಾವಸ್ತುವಿಗೂ ಮೊದಲ ದೊಡ್ಡ ಹಂತ ಒಂದೇ ಬಗೆಯದು: ನಿಕ್ಕಲ್ ಕೂರಿಸಿದ ಉಂಗುರಗಳನ್ನು ತುಂಬಿದ ಕೊಳವೆಗಳಲ್ಲಿ ಹಬೆಯ ಜೊತೆ 800 ಡಿಗ್ರಿಯ ಆಸುಪಾಸಿನಲ್ಲಿ ಹಾಯಿಸಿ ಹೈಡ್ರೋಜನ್ ಬಿಡಿಸುವುದು. ನಿಕ್ಕಲ್ ಪರಮಾಣುಗಳು 590 ಡಿಗ್ರಿಯ ಹೊತ್ತಿಗೇ ಅಲುಗಾಡಲು ತೊಡಗುತ್ತವೆ. ಹಬೆ ಇದ್ದರೆ ಕಣಗಳು ಇನ್ನೂ ಬೇಗ ಕೂಡಿಕೊಳ್ಳುತ್ತವೆ, ಗಾಮಾ ಅಲ್ಯುಮಿನಾದ ರಂಧ್ರಗಳು ಕುಸಿಯುತ್ತವೆ. ಹಾಗಾಗಿ ಇಂಥ ಕೊಳವೆಗಳಿಗೆ ಮೊದಲೇ ಉರಿಯಲ್ಲಿ ಬೆಂದು ಬದಲಾಗುವುದನ್ನೆಲ್ಲ ಬದಲಾಗಿಸಿಕೊಂಡ ಆಲ್ಫಾ ಅಲ್ಯುಮಿನಾ ಅಥವಾ ಕ್ಯಾಲ್ಸಿಯಂ ಅಲ್ಯುಮಿನೇಟಿನ ಆಸರೆ ಬೇಕು. ಎಣ್ಣೆಯ ತೊಟ್ಟಿಯಲ್ಲಿ 180 ಡಿಗ್ರಿಯಲ್ಲಿ ದುಡಿಯುವ ನಿಕ್ಕಲ್ಲಿಗೆ ಮೃದುವಾದ ಬೆಂಕಿ, ಗೊಬ್ಬರದ ಕಾರ್ಖಾನೆಯ ನಿಕ್ಕಲ್ಲಿಗೆ ಘೋರವಾದ ಬೆಂಕಿ. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಕೆಲಸ ಯಾವುದು ಎಂದು ಕೇಳದೆ ಉತ್ತರವಿಲ್ಲ.

ಈ ಬೆಂಕಿಯನ್ನು ಹೊರಗಿನಿಂದ ಕೊಡುವುದೊಂದೇ ದಾರಿ ಎಂಬ ನಂಬಿಕೆಯನ್ನು ಮುರಿದದ್ದು ಬೆಂಗಳೂರು, ಮತ್ತು ಆ ಹೊಸ ದಾರಿ ಹುಟ್ಟಿದ್ದು ರಾಕೆಟ್ ಇಂಧನದ ಲೆಕ್ಕದಿಂದ. 1981ರಲ್ಲಿ ವಿಜ್ಞಾನ ಸಂಸ್ಥೆಯ ಎಸ್.ಆರ್. ಜೈನ್, ಕೆ.ಸಿ. ಅಡಿಗ ಮತ್ತು ಪೈ ವೆರ್ಣೇಕರ್ ಘನ ಇಂಧನ ಮಿಶ್ರಣಗಳಲ್ಲಿ ಇಂಧನ ಎಷ್ಟು, ಆಮ್ಲಜನಕ ಕೊಡುವ ಪದಾರ್ಥ ಎಷ್ಟು ಇರಬೇಕೆಂದು ವೇಲೆನ್ಸಿ ಕೂಡಿಸಿ ಹೇಳುವ ಸರಳ ಕ್ರಮವೊಂದನ್ನು ಪ್ರಕಟಿಸಿದರು. ಅದೇ ಆವರಣದಲ್ಲಿ ಹೈಡ್ರಜೀನ್ ಸಂಯುಕ್ತಗಳ ಮೇಲೆ ದುಡಿಯುತ್ತಿದ್ದ ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿ ಜೆ.ಜೆ. ಕಿಂಗ್ಸ್‌ಲಿ ಆ ಲೆಕ್ಕವನ್ನು ಆಕ್ಸೈಡುಗಳ ತಯಾರಿಕೆಗೆ ತಿರುಗಿಸಿದರು. ಅಲ್ಯುಮಿನಿಯಂ ನೈಟ್ರೇಟಿನ ಲೆಕ್ಕ ಕಳೆಯುವ 15, ಯೂರಿಯಾದ್ದು ಕೂಡುವ 6. ಸಮತೂಕಕ್ಕೆ ಎರಡು ಪಾಲು ನೈಟ್ರೇಟಿಗೆ ಐದು ಪಾಲು ಯೂರಿಯಾ. ಇಷ್ಟನ್ನು ಸ್ವಲ್ಪ ನೀರಿನಲ್ಲಿ ಕಲಸಿ 500 ಡಿಗ್ರಿಯ ಮಫಲ್ ಕುಲುಮೆಗೆ ಇಟ್ಟರೆ ಕುದಿದು, ನೊರೆಯುಬ್ಬಿ, ತಟ್ಟನೆ ಹೊತ್ತಿಕೊಳ್ಳುತ್ತದೆ. ಜ್ವಾಲೆಯ ಶಾಖ 1,500 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಐದು ನಿಮಿಷದೊಳಗೆ ಪಾತ್ರೆಯಲ್ಲಿ ಉಳಿಯುವುದು ಬೆಳ್ಳಗಿನ, ಹಗುರಾದ ಆಲ್ಫಾ ಅಲ್ಯುಮಿನಾ. 1,100 ಡಿಗ್ರಿ ದಾಟಿ ಗಂಟೆಗಟ್ಟಲೆ ಸುಟ್ಟರೆ ಸಿಗುತ್ತಿದ್ದ ರೂಪ ಅರ್ಧಕ್ಕೂ ಕಡಿಮೆ ಬಿಸಿಯ ಕುಲುಮೆಯಲ್ಲಿ ಸಿಕ್ಕಿತು. ಬೆಂಕಿ ಮಿಶ್ರಣದ ಒಳಗೇ ಇತ್ತು. 1988ರಲ್ಲಿ ಮೆಟೀರಿಯಲ್ಸ್ ಲೆಟರ್ಸ್ ಪತ್ರಿಕೆಯಲ್ಲಿ ಬಂದ ಆ ಬರಹ ದ್ರಾವಣ ದಹನ ವಿಧಾನವೆಂದು ಈಗ ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ಅನುಸರಿಸುವ ದಾರಿಯ ಮೊದಲ ಮೈಲಿಗಲ್ಲು. ಎರಡು ವರ್ಷದಲ್ಲಿ ಅದೇ ತಂಡ ನಿಕ್ಕಲ್, ಕೋಬಾಲ್ಟ್, ತಾಮ್ರ ಮುಂತಾದ ಲೋಹಗಳ ಅಲ್ಯುಮಿನೇಟುಗಳನ್ನೂ ಹೀಗೇ ಮಾಡಿ ತೋರಿಸಿತು. ನೈಟ್ರೇಟಿಗೆ ಇಂಧನದ ಪಾಲು ಬದಲಾಯಿಸಿದರೆ ಜ್ವಾಲೆಯ ಬಿಸಿ ಬದಲಾಗುತ್ತದೆ, ಬಿಸಿಯೊಂದಿಗೆ ಹುಟ್ಟುವ ರೂಪವೂ. ಶಾಖವನ್ನು ಕುಲುಮೆಯ ಗುಂಡಿಯಿಂದ ಬಿಡಿಸಿ ತಕ್ಕಡಿಗೆ ತಂದದ್ದು ಈ ಕೆಲಸದ ಹಿರಿಮೆ.

ಇದಕ್ಕೆ ಎರಡು ಆಕ್ಷೇಪ ಉಂಟು. ಹತ್ತು ಚದರ ಮೀಟರೂ ಇಲ್ಲದ ಮೇಲ್ಮೈಯ ಆಲ್ಫಾ ಅಲ್ಯುಮಿನಾ ವೇಗವರ್ಧಕಕ್ಕೆ ಏನು ಪ್ರಯೋಜನ? ನಿಕ್ಕಲ್ಲನ್ನು ನೇರವಾಗಿ ನೀಲಿ ಅಲ್ಯುಮಿನೇಟಿನೊಳಗೆ ಬಂಧಿಸಿದರೆ ಕೆಲಸ ಮಾಡುವವರು ಯಾರು? ಮೊದಲನೆಯದಕ್ಕೆ ಗೊಬ್ಬರ ಕಾರ್ಖಾನೆಯ ಕೊಳವೆಗಳೇ ಉತ್ತರ ಕೊಟ್ಟಿವೆ: ಉರಿಯಲ್ಲಿ ದುಡಿಯುವುದಕ್ಕೆ ಉರಿ ಕಂಡ ಆಸರೆಯೇ ಬೇಕು. 1999ರಲ್ಲಿ ಪಾರ್ಥಸಾರಥಿ ಬೇರಾ, ಪಾಟೀಲ್, ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಇದೇ ದಹನದಿಂದ ಆಲ್ಫಾ ಅಲ್ಯುಮಿನಾದ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ಬೆಳ್ಳಿ, ಚಿನ್ನದ ನ್ಯಾನೋಕಣಗಳನ್ನು ಕೂರಿಸಿ, ವಾಹನದ ಹೊಗೆಯಲ್ಲಿರುವಂಥ ಅನಿಲಗಳನ್ನು ಶುದ್ಧಗೊಳಿಸುವ ಕೆಲಸಕ್ಕೆ ಹಚ್ಚಿ ತೋರಿಸಿದರು. ಎರಡನೆಯದಕ್ಕೆ ಉತ್ತರ ಇನ್ನೂ ಕುತೂಹಲಕರ. ಅಲ್ಯುಮಿನೇಟಿನೊಳಗೆ ಬಂಧಿಯಾದ ನಿಕ್ಕಲ್ ನಷ್ಟವೆಂದು ಒಂದು ಕಾಲದಲ್ಲಿ ಎಣಿಸುತ್ತಿದ್ದರು. ಹೆಚ್ಚಿನ ಬಿಸಿಯ ಹೈಡ್ರೋಜನ್ನಿನಲ್ಲಿ ಅದು ಹೊರಬರುವಾಗ ಸಣ್ಣ ಸಣ್ಣ ಕಣಗಳಾಗಿ, ಆಸರೆಗೆ ಬೇರೂರಿದಂತೆ ಬರುತ್ತದೆ, ಮಸಿಯನ್ನೂ ಹೆಚ್ಚು ತಡೆಯುತ್ತದೆ. ಕಾರ್ಖಾನೆಯ ಟನ್ನುಗಟ್ಟಲೆಗೆ ಈ ಜ್ವಾಲೆಯನ್ನು ಹಿಗ್ಗಿಸುವುದು ಕಷ್ಟ, ಅನಿಲ ಒಮ್ಮೆಗೇ ನುಗ್ಗುತ್ತದೆ ಎಂಬುದು ಮಾತ್ರ ಇನ್ನೂ ಉಳಿದಿರುವ ನಿಜವಾದ ತೊಡಕು. ಎರಡು ಪಾಲು ನೈಟ್ರೇಟಿಗೆ ನೀರು ಬಿಟ್ಟು 13 ಪಾಲು ಅನಿಲ ಹೊರಡುತ್ತದೆಂದರೆ ಆ ರಭಸ ಊಹಿಸಬಹುದು.

ಇದೆಲ್ಲ ಯಶವಂತಪುರದ ಬದಿಯ ವಿಜ್ಞಾನ ಸಂಸ್ಥೆಯ ಆವರಣದ ಕಥೆ, ಇದರಲ್ಲಿ ಬೊಮ್ಮಸಂದ್ರದ್ದೇನು ಎಂದು ಕೇಳಬಹುದು. ಗೇರು ಕಾಯಿಸುವ ಶೆಡ್ಡಿನವರು ವೇಗವರ್ಧಕ ಮಾಡುವವರಲ್ಲ, ನಿಜ. ಆದರೆ ಥರ್ಮೋಕಪಲ್ ಎಲ್ಲಿ ಚುಚ್ಚಬೇಕು, ಕುಲುಮೆಯ ಬಾಗಿಲ ಬಳಿ ಬಿಸಿ ಎಷ್ಟು ಕಡಿಮೆ, ತುಂಬಿದ ಟ್ರೇಯ ನಡುವಿನ ತುಂಡು ಬಿಸಿಯೇರಲು ಎಷ್ಟು ಹೊತ್ತು ತಗಲುತ್ತದೆ ಎಂಬ ಜ್ಞಾನ ಎರಡು ಕಡೆಯೂ ಒಂದೇ, ಅದು ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಲ್ಲಿ ಉಳಿಯುವಂಥದ್ದು. ಬೆಂಗಳೂರಿನ ಸಂಶೋಧನೆ ಹಾಗೂ ಜಾಬ್ ವರ್ಕ್ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ರೂಢಿಯಿಂದ ಈ ಸಮಾನ ನೆಲ ಕಾಣದೆ ಹೋಗಿದೆ. ಶಾಖದ ವಿವರ ವ್ಯಾಪಾರದ ಗುಟ್ಟು, ಅದರ ಚರಿತ್ರೆ ಬರೆಯಲಾಗದು ಎಂಬ ಮಾತೂ ಅಷ್ಟು ಗಟ್ಟಿಯಲ್ಲ. ಪೇಟೆಂಟುಗಳು ಡಿಗ್ರಿ, ಗಂಟೆಗಳನ್ನು ಹೇಳಲೇಬೇಕು, ಹೇಳುತ್ತವೆ. ಗುಟ್ಟಾಗಿ ಉಳಿಯುವುದಕ್ಕಿಂತ ಹೆಚ್ಚು ವಿವರ ಸುಮ್ಮನೆ ಗುಜರಿಗೆ ಹೋಗಿ ಅಳಿಯುತ್ತದೆ. ಬಳಸಿ ಮುಗಿದ ನಿಕ್ಕಲ್ ವೇಗವರ್ಧಕ 2016ರ ನಿಯಮಗಳಡಿ ಅಪಾಯಕಾರಿ ತ್ಯಾಜ್ಯ. ಅದು ಕಾರ್ಖಾನೆಯ ಗೇಟು ದಾಟುವಾಗ ಜೊತೆಗೆ ಮ್ಯಾನಿಫೆಸ್ಟ್ ಹೋಗಬೇಕು. ಕಳಿಸಿದವರು ಯಾರು, ಒಯ್ದವರು ಯಾರು, ಯಾವ ವರ್ಗದ ತ್ಯಾಜ್ಯ, ಎಷ್ಟು ತೂಕ ಎಂದು ಅದರಲ್ಲಿ ತುಂಬುತ್ತಾರೆ. ಆ ಉಂಗುರಗಳು ಹುಟ್ಟಿದಾಗ ಎಷ್ಟು ಡಿಗ್ರಿ ಕಂಡವು, ಕೊಳವೆಯಲ್ಲಿ ಎಷ್ಟು ವರ್ಷ ಬೆಂದವು ಎಂಬುದನ್ನು ಹೇಳುವ ಚಾರ್ಟುಗಳು ಕಂಟ್ರೋಲ್ ರೂಮಿನ ಕಪಾಟಿನಲ್ಲಿ ಇರುತ್ತವೆ, ಹೊಸ ವೇಗವರ್ಧಕ ತುಂಬಿದ ಮೇಲೆ ಹಳೆಯದಕ್ಕೆ ಬೆಲೆಯಿಲ್ಲವೆಂದು ಅವನ್ನು ವಿಲೇವಾರಿ ಮಾಡುತ್ತಾರೆ. ಮ್ಯಾನಿಫೆಸ್ಟಿನ ಜೊತೆ ಆ ಚಾರ್ಟಿನ ಒಂದು ಪ್ರತಿಯನ್ನೂ ಕಾಪಿಡುವ ಕಟ್ಟಳೆ ಬಂದರೆ, ಬೊಮ್ಮಸಂದ್ರದ ಜಾಬ್ ಕಾರ್ಡುಗಳ ಒಂದು ಕಟ್ಟನ್ನು ಯಾವುದಾದರೂ ಸಂಗ್ರಹಾಲಯ ಕೇಳಿ ಪಡೆದರೆ, ಮುಂದೆ ಈ ನಾಡಿನ ಕೈಗಾರಿಕೆಯ ಚರಿತ್ರೆ ಬರೆಯುವವರಿಗೆ ಅಂಶಗಳ ಪಟ್ಟಿಯ ಜೊತೆ ಬೆಂಕಿಯ ಲೆಕ್ಕವೂ ಸಿಗುತ್ತದೆ.